ಯಾವ ಡಬ್ಬಿಗೆ?

ಆ ಸೋಪಿನ ಕಂಪನಿ ಪ್ರತಿ ಸೋಪಿನ ಪೊಟ್ಟಣದ ಮೇಲೂ, ಕಚೇರಿಯ ಗೋಡೆಯ ಮೇಲೂ ಒಂದೇ ಮಾತು ಬರೆಸಿತ್ತು: 'ನಮ್ಮ ಕಸದ ಚೂರು ಚೂರೂ ಮರುಬಳಕೆಗೆ.' ಗೋಡೆಯ ಕೆಳಗೆ ಒಂದು ಹಸಿರು ಡಬ್ಬಿ, ಒಂದು ನೀಲಿ ಡಬ್ಬಿ. ಸಂಜೆ ಎರಡನ್ನೂ ಹಿತ್ತಲಲ್ಲಿ ಒಂದೇ ಚೀಲಕ್ಕೆ ಸುರಿದು, ಒಂದೇ ಲಾರಿಗೆ ಎಸೆಯುವುದು ಕಸ ಗುಡಿಸುವವಳ ಕೆಲಸ. ಮೇಲ್ವಿಚಾರಕ ಮೊದಲ ದಿನವೇ ಹೇಳಿದ್ದ: "ತಲೆ ಕೆಡಿಸ್ಕೋಬೇಡ. ಡಬ್ಬಿ ಇರೋದು ಫೋಟೋಗೆ."

ಇಡೀ ದಿನ ಓಡಾಡಿದರೂ ಅವಳನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಪೊರಕೆ ಬಂದಾಗ ಕಾಲೆತ್ತಿದರೆ ಅದೇ ಅವರ ಮಾತುಕತೆ. ಮನೆಗೆ ಹೋದರೆ ನಾಲ್ಕು ಗೋಡೆ. ಕಚೇರಿಯಲ್ಲಿ ಕಿಟಕಿ ಪಕ್ಕ ಕೂರುವ ವಯಸ್ಸಾದ ಗುಮಾಸ್ತರೊಬ್ಬರು ಮಾತ್ರ ದಿನಾ ಪ್ಲಾಸ್ಟಿಕ್ ಲೋಟ ತೊಳೆದು, ಒರೆಸಿ, ಹಿಡಿದುಕೊಂಡು ಬರುತ್ತಿದ್ದರು.

"ಇದು ಯಾವ ಡಬ್ಬಿಗಮ್ಮಾ?"

"ನೀಲಿಗೆ ಹಾಕಿ ಸರ್."

"ಮುಚ್ಚಳ?"

"ಅದೂ ನೀಲಿಗೇ."

ಇವತ್ತು ಅವರು ದನಿ ತಗ್ಗಿಸಿದರು. "ನಿಜ ಹೇಳಮ್ಮಾ, ಇವನ್ನೆಲ್ಲ ಬೇರೆ ಬೇರೆ ಮಾಡ್ತಾರಾ?"

ನಿಜ ನಾಲಿಗೆಯ ತುದಿಗೆ ಬಂತು. ಹೇಳಿಬಿಟ್ಟರೆ ನಾಳೆಯಿಂದ ಅವರು ಲೋಟವನ್ನು ಕೈಗೆ ಸಿಕ್ಕಿದ ಡಬ್ಬಿಗೆ ಎಸೆದು ಹೋಗುತ್ತಾರೆ. ಅವಳನ್ನು ಕೇಳುವುದಕ್ಕೇನೂ ಉಳಿಯುವುದಿಲ್ಲ.

"ಮಾಡ್ತಾರೆ ಸರ್," ಎಂದಳು. "ನಾಳೆ ಚಮಚಾನೂ ತೊಳ್ಕೊಂಡು ಬನ್ನಿ. ಅದು ಯಾವುದಕ್ಕೆ ಅಂತ ಹೇಳ್ತೀನಿ."