ಪ್ರಾರ್ಥನೆಯಲ್ಲಿ ಬಂದ ಹೆಸರು

"ಇನ್ನಷ್ಟು ಬಿಗೀರಿ ರೋಜಕ್ಕ, ಮತ್ತ ತೆರದೈತಿ ನೋಡ್ರಿ," ಎಂದಳು ಶಂಕ್ರೆವ್ವ.

ರೋಜಾ ಬಿಳಿ ಪಟ್ಟಿಯನ್ನು ಸುವಾರ್ತವ್ವನ ಗದ್ದದ ಕೆಳಗಿಂದ ಎತ್ತಿ ನೆತ್ತಿಯ ಮೇಲೆ ಮತ್ತೊಂದು ಗಂಟು ಹಾಕಿದಳು. ಕೈ ಬಿಟ್ಟದ್ದೇ ತಡ, ಸತ್ತವಳ ಬಾಯಿ ಬೆರಳಗಲ ತೆರೆದುಕೊಂಡಿತು.

"ಇದ್ದಾಗ ಯಾರಿಗೂ ಒಂದು ಮಾತು ಅನಲಿಲ್ಲ. ಈಗ ಏನ ಹೇಳೂದೈತೋ ಏನೋ," ಎಂದಳು ಶಂಕ್ರೆವ್ವ. ಒಬ್ಬಿಬ್ಬರು ಅಳುತ್ತಲೇ ನಕ್ಕರು. ರೋಜಾ ಗಂಟು ಬಿಚ್ಚಿ ಮೊದಲಿನಿಂದ ಕಟ್ಟಿದಳು.

ಸುವಾರ್ತವ್ವನ ಮಗ ಸೋಮೇಶ ಬಾಗಿಲಲ್ಲಿ ಬಗ್ಗಿದ. "ಚಿಗವ್ವ, ಹನ್ನೊಂದಕ್ಕ ಚರ್ಚಿಗೆ ಒಯ್ಯೂದು. ಅವ್ವನ ಬಗ್ಗೆ ನೀವ ನಾಕ ಮಾತು ಆಡಬೇಕಂತ ಪಾದ್ರಿಗಳು ಹೇಳ್ಯಾರ."

"ನಾ ಯಾಕಪಾ?"

"ನಿಮ್ಮಷ್ಟು ಚಂದ ಯಾರು ಮಾತಾಡ್ತಾರ? ಅವ್ವನೂ ನಿಮ್ಮನ್ನ ಎರಡು ಸಲ ಕೇಳಿದ್ಲು."

ರೋಜಾ ಪಟ್ಟಿಯ ಮೇಲಿಂದ ಕೈ ತೆಗೆದಳು. "ಏನ ಅಂದ್ಲು?"

"ರೋಜಾ ಬಂದಿದ್ಲೇನು ಅಂದ್ಲು. ಅಷ್ಟ."

ಅಷ್ಟೇನಾ? ಅವನು ತನ್ನ ಮುಖವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ನೋಡಿದನೇ? ಕೊನೆಯ ಹದಿನೈದು ದಿನ ಎರಡು ಮನೆ ಆಚೆಗೆ ಸುವಾರ್ತವ್ವ ಮಲಗಿದ್ದರೂ ರೋಜಾ ಹೋಗಿರಲಿಲ್ಲ. ಸಾಯುವವರ ಮನಸ್ಸು ಸಡಿಲಾಗುತ್ತದೆ, ಏನಾದರೂ ಅಂದುಬಿಟ್ಟರೆ ಎಂಬ ಹೆದರಿಕೆ.

ಅಷ್ಟರಲ್ಲಿ ಹೆಂಗಸರ ಗುಜುಗುಜು ಒಮ್ಮೆಲೆ ನಿಂತಿತು. ಹೊಸ್ತಿಲಾಚೆ ತಲೆಯ ಮೇಲೆ ದುಪಟ್ಟಾ ಹೊದ್ದು ಎದುರು ಮನೆಯ ಗುಲ್ನಾಜ ನಿಂತಿದ್ದಳು. ವಯಸ್ಸು ನಲವತ್ತರ ಹತ್ತಿರ. ಲಗ್ನವಾಗಿಲ್ಲ. ಮನೆಯಲ್ಲೇ ಕುಪ್ಪಸ ಹೊಲಿಯುತ್ತಾಳೆ.

"ಅಮ್ಮಿ ಬ್ಯಾಡ ಅಂದ್ಲು. ನಾ ಬಂದೆ. ಒಳಗ ಬರಲೇನ್ರಿ?"

ಶಂಕ್ರೆವ್ವ ರೋಜಾಳ ಕಿವಿಯಲ್ಲಿ ಪಿಸುಗುಟ್ಟಿದಳು: "ನೋಡ್ರಿ, ತನ್ನ ಲಗ್ನ ಮುರದಾಕಿನ್ನ ಮಣ್ಣು ಮಾಡಾಕ ಬಂದಾಳ."

*

ಗದಗ ಜಿಲ್ಲೆಯಾದ ಮರುವರ್ಷ. ಸುವಾರ್ತವ್ವ ಆಗ ಬೆಟಗೇರಿಯ ಒಂದು ದವಾಖಾನೆಯಲ್ಲಿ ಆಯಾ. ಒಂದು ಸಂಜೆ ರೋಜಾಳ ಅಡುಗೆಮನೆಗೆ ಬಂದು ಕೂತವಳು ಕಣ್ಣಲ್ಲಿ ನೀರು ತಂದಳು.

"ಎದುರು ಮನಿ ಮೋತಿಬಿ ಮಗಳು ಗುಲ್ನಾಜಗ ಮೂರ್ಛಿ ಬರ್ತಾವಂತ. ಇವತ್ತ ಡಾಕ್ಟರ್ ಹತ್ರ ಕರಕೊಂಡ ಬಂದಿದ್ರು. ಲಕ್ಷ್ಮೇಶ್ವರದಾಗ ನಿಕಾ ಗೊತ್ತಾಗೈತಿ, ಪಾಪ. ಗುಳಿಗಿ ತಗೊಂಡ್ರ ಆರಾಮ ಆಕ್ಕಾಳಂತ. ನೀನೂ ಆಕಿ ಸಲುವಾಗಿ ಪ್ರಾರ್ಥನಾ ಮಾಡು ರೋಜಾ. ಯಾರ ಮುಂದೂ ಆಡಬ್ಯಾಡ."

"ನಾ ಯಾಕ ಆಡ್ಲಿ!" ಎಂದಿದ್ದಳು ರೋಜಾ.

ಬುಧವಾರ ಸ್ತ್ರೀಯರ ಕೂಟವಿತ್ತು. ರೋಜಾ ಪ್ರಾರ್ಥನೆಗೆ ನಿಂತರೆ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಅಂದೂ ಮಾತು ನದಿಯ ಹಾಗೆ ಹರಿಯಿತು. ಕಣ್ಣು ಮುಚ್ಚಿಕೊಂಡೇ ಅವಳು ತಮ್ಮ ಓಣಿಯ ಗುಲ್ನಾಜಳನ್ನು, ಅವಳ ಮೂರ್ಛೆಯನ್ನು, ಮುಂದೆ ಆಗುವ ನಿಕಾವನ್ನು ದೇವರ ಪಾದಕ್ಕೆ ಒಪ್ಪಿಸಿದಳು. ಹನ್ನೆರಡು ಹೆಂಗಸರು "ಆಮೆನ್" ಅಂದರು. ಮುಂದಿನ ಶುಕ್ರವಾರದೊಳಗೆ ಸುದ್ದಿ ಲಕ್ಷ್ಮೇಶ್ವರ ಮುಟ್ಟಿತು. ನಿಕಾ ಮುರಿಯಿತು.

ಮೋತಿಬಿ ದವಾಖಾನೆಯ ಅಂಗಳದಲ್ಲಿ ನಿಂತು ಎದೆ ಬಡಿದುಕೊಂಡಳು. ಅಲ್ಲಿ ಗುಟ್ಟು ಗೊತ್ತಿದ್ದ ಓಣಿಯವಳು ಸುವಾರ್ತವ್ವ ಒಬ್ಬಳೇ. ಸುದ್ದಿ ದಾಟಿಸಿದವರೇ ಆದ ಕೂಟದ ಹೆಂಗಸರು ಪ್ರಾರ್ಥನೆಯ ಮಾತೆತ್ತಲಿಲ್ಲ. ಓಣಿಯ ಹಿರಿಯರು ಸುವಾರ್ತವ್ವನನ್ನು ಕರೆದು ಕೇಳಿದರು.

"ನನ್ನ ಬಾಯಿಂದನ ಹೊಂಟಿದ್ದು ಖರೇನ್ರಿ," ಎಂದಳು ಸುವಾರ್ತವ್ವ.

"ಯಾರ ಮುಂದ ಹೇಳಿದಿ?"

ಅವಳು ನೆಲ ನೋಡಿದಳು. ಬಾಗಿಲ ಬಳಿ ನಿಂತಿದ್ದ ರೋಜಾಳ ಕಡೆ ತಿರುಗಲೂ ಇಲ್ಲ. ದವಾಖಾನೆಯ ಕೆಲಸ ಹೋಯಿತು. ಅಂದಿನಿಂದ ನೇಕಾರರ ಮನೆಗಳಿಗೆ ಮಗ್ಗದ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಮಗನನ್ನು ಸಾಕಿದಳು. ರೋಜಾಳನ್ನು ಕಂಡರೆ ಮೊದಲಿನಂತೆಯೇ "ಉಂಡ್ಯೇನ?" ಅನ್ನುತ್ತಿದ್ದಳು. ಆ ಒಂದು ಮಾತಿಗೆ ರೋಜಾ ದಾರಿ ತಪ್ಪಿಸಿ ಓಡಾಡುತ್ತಿದ್ದಳು. ಆದರೂ ವರ್ಷಕ್ಕೊಮ್ಮೆ, ಉಪವಾಸದ ದಿನಗಳಲ್ಲಿ, ನಾಲಿಗೆಯನ್ನು ಹಿಡಿತದಲ್ಲಿಡುವ ಬಗ್ಗೆ ಕೂಟದಲ್ಲಿ ಪಾಠ ಹೇಳುತ್ತಿದ್ದವಳು ಅವಳೇ.

*

ಚರ್ಚು ಅರ್ಧ ತುಂಬಿತ್ತು. ಪೆಟ್ಟಿಗೆಯ ಪಕ್ಕ ರೋಜಾ ಎದ್ದು ನಿಂತಾಗ ಅವಳು ನಿಶ್ಚಯ ಮಾಡಿಯಾಗಿತ್ತು. ಇವತ್ತು ಎಲ್ಲರೆದುರು ಹೇಳಿಬಿಡುವುದು. ಹೇಳಿದರೆ ಎದೆ ಹಗುರಾಗುತ್ತದೆ.

"ಇಪ್ಪತ್ತು ವರ್ಷದ ಹಿಂದ, ನಮ್ಮ ಓಣ್ಯಾಗ ಒಂದು ಹುಡುಗಿ..." ಎಂದು ಶುರುಮಾಡಿದಳು.

ಕುತ್ತಿಗೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು. ಕೊನೆಯ ಬೆಂಚಿನಲ್ಲಿ, ಬಾಗಿಲ ಪಕ್ಕ ಕೂತಿದ್ದ ಗುಲ್ನಾಜ ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡಳು.

ರೋಜಾಳ ನಾಲಿಗೆ ಅಲ್ಲೇ ನಿಂತಿತು. ಮತ್ತೆ ಅದೇ ಹುಡುಗಿ, ಮತ್ತೆ ಅದೇ ಜನ. ತನ್ನ ಎದೆ ಹಗುರ ಮಾಡಿಕೊಳ್ಳಲು ಆ ಜಡ್ಡಿನ ಹೆಸರನ್ನು ಇನ್ನೊಮ್ಮೆ ನೂರು ಕಿವಿಗೆ ಹಾಕುವುದೇ? ಪಾದ್ರಿ ಕನ್ನಡಕದ ಮೇಲಿಂದ ನೋಡಿದರು. ಮೊದಲ ಸಾಲಿನಲ್ಲಿ ಸೋಮೇಶ ತಲೆ ಎತ್ತಿದ.

"ಸುವಾರ್ತವ್ವಂದು ಅಂತ ಮಂದಿ ತಿಳಕೊಂಡ ತಪ್ಪು ಆಕಿದಲ್ಲ. ನಂದು," ಎಂದಳು. "ಇದಕ್ಕಿಂತ ಹೆಚ್ಚು ಇಲ್ಲಿ ಹೇಳಾಂಗಿಲ್ರಿ."

ಬಂದು ಕೂತಳು. ಹಿಂದಿನ ಬೆಂಚುಗಳಲ್ಲಿ ಪಿಸುಮಾತು ಎದ್ದಿತು. ಯಾರೋ ಅವಸರದಿಂದ ಹಾಡು ಎತ್ತಿದರು.

*

ಗಂಡಸರು ಪೆಟ್ಟಿಗೆ ಹೊತ್ತು ಸ್ಮಶಾನದ ಕಡೆ ಹೊರಟಾಗ ರೋಜಾ ಗೇಟಿನ ಬಳಿ ಗುಲ್ನಾಜಳನ್ನು ಹಿಡಿದಳು. ಯಾರೂ ಇಲ್ಲದ್ದನ್ನು ನೋಡಿಕೊಂಡು ಎಲ್ಲ ಹೇಳಿದಳು.

"ನೀವಾ?" ಎಂದಳು ಗುಲ್ನಾಜ. "ಅಮ್ಮಿ ದಿನಾ ಮುಂಜಾನಿ ಬಾಗಲಾ ತೆರದು ಸುವಾರ್ತವ್ವಗ ಶಾಪಾ ಹಾಕ್ತಿದ್ಲು. ಆಕಿ ಕೇಳಿಕೋತ ಕಸಾ ಹೊಡೀತಿದ್ಲು. ನನ್ನ ಮುಂದ ಹೇಳಿ ಮನಿಗೆ ಹೋಗಬ್ಯಾಡ್ರಿ. ಬರ್ರಿ, ಅಮ್ಮಿ ಮುಂದ ಹೇಳ್ರಿ."

ಮೋತಿಬಿ ಬಾಗಿಲಲ್ಲೇ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರೋಜಾ ಎದುರು ನೆಲದ ಮೇಲೆ ಕೂತಳು. ತುಟಿಯ ಮೇಲೆ ಬಂದ ಮೊದಲ ಮಾತೇ ಹಳೆಯದು.

"ಮೋತಿಬಿ, ಅವತ್ತು ಪ್ರಾರ್ಥನಾದಾಗ ನಾನು ಗುಲ್ನಾಜನ ಹೆಸರು ದೇವರ ಮುಂದ ಇಟ್ಟಿದ್ದೆ..."

ಎಲ್ಲ ಕೇಳುವ ತನಕ ಮೊರ ಅಲುಗಲಿಲ್ಲ.

"ದೇವರ ಮುಂದ ಅನಬ್ಯಾಡ," ಎಂದಳು ಮೋತಿಬಿ. "ಹನ್ನೆರಡು ಮಂದಿ ಹೆಂಗಸರ ಮುಂದ ಇಟ್ಟಿ."

"ಹೌದು," ಎಂದಳು ರೋಜಾ. "ಹೆಂಗಸರ ಮುಂದ ಹೇಳಿದೆ."

ಮೋತಿಬಿ ಮೊರ ಬದಿಗಿಟ್ಟಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಗೋಡೆ ಹಿಡಿದು ಎದ್ದು, ಸೆರಗು ಹೊದ್ದು, ಬರಿಗಾಲಲ್ಲಿ ಓಣಿ ದಾಟಿ ಸುವಾರ್ತವ್ವನ ಮನೆಯತ್ತ ನಡೆದಳು. ಗುಲ್ನಾಜ ಒಳಗೆ ಹೋಗಿ ಬಾಗಿಲು ಎಳೆದುಕೊಂಡಳು.

ಸ್ಮಶಾನದಿಂದ ಬಂದ ಸೋಮೇಶ ಕಾಲಿಗೆ ನೀರು ಹಾಕಿಕೊಂಡು, ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದ. ಮನೆ ಮುಂದೆ ಮೋತಿಬಿಯನ್ನು ಕಂಡು ಅವನ ಕೈ ನಿಂತಿತು. ಒಂದು ಕುರ್ಚಿ ಬಿಡಿಸಿ, ತೋಳಿನಿಂದ ಒರೆಸಿ ಅವಳ ಮುಂದಿಟ್ಟ.

"ಕುಂಡ್ರಿ, ಖಾಲಾ."

ಮೋತಿಬಿ ಕೂಡಲಿಲ್ಲ. ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಸುವಾರ್ತವ್ವ ದಿನಾ ಕಸ ಹೊಡೆಯುತ್ತಿದ್ದ ಅಂಗಳವನ್ನೇ ನೋಡುತ್ತಿದ್ದಳು. ಸೋಮೇಶ ಇನ್ನೊಂದು ಕುರ್ಚಿ ಬಿಡಿಸಿದ. ಓಣಿಯ ನಡುವೆ, ಎರಡು ಮನೆಗಳ ಮಧ್ಯೆ ನಿಂತಿದ್ದ ರೋಜಾಳ ಕಡೆ ಒಮ್ಮೆ ನೋಡಿದ. ಆಮೇಲೆ ಅದರ ಮೇಲೆ ತಾನೇ ಕೂತ.