ಒರಳಿನ ಮೊದಲ ಹಿಟ್ಟು

"ನಿಲ್ಸೇ, ಒಡ್ರೋಳೇ! ಚೂರು ಹಾರಿ ತುಳಸಿಗೆ ಬಿತ್ತು. ಕಣ್ಣು ಇಂಗೋಗಿದ್ಯಾ?"

ಗೋದಮ್ಮನವರು ಮಡಿಸೀರೆಯಲ್ಲಿ ಹಿತ್ತಲ ಬಾಗಿಲಿಗೆ ಬಂದಿದ್ದರು. ನಾನು ಸುತ್ತಿಗೆ ಇಳಿಸಿದೆ. ಸವೆದು ನುಣ್ಣಗಾದ ಒರಳಿಗೆ ಉಳಿ ಹೊಡೆದು ಮತ್ತೆ ತರಿ ಮಾಡಿಕೊಡುವುದು ನನ್ನ ಕೆಲಸ. ಎನ್.ಆರ್. ಕಾಲೋನಿಯ ಬೀದಿಗಳಲ್ಲಿ ಕೂಗುತ್ತಾ ತಿರುಗುತ್ತೇನೆ. ಅಂದು ಸ್ಕೂಲಿಗೆ ರಜೆ. ಮಗಳು ಎಂಕ್ಟಿ ಮೊದಲ ಸಲ ಜೊತೆಗೆ ಬಂದಿದ್ದಳು.

"ತಪ್ಪಾಯ್ತು ಅಮ್ಮಾವ್ರೇ."

"ತಪ್ಪಾಯ್ತಂತೆ, ದರಿದ್ರ ಮುಂಡೆ! ಬೇಗ ಮುಗ್ಸು."

ಒಳಗೆ ಅವರ ಯಜಮಾನರು, ಹೈಸ್ಕೂಲ್ ಮೇಷ್ಟ್ರು, ಮಗಳಿಗೆ ಭೂಗೋಳ ಹೇಳಿಕೊಡುತ್ತಿದ್ದರು. "ಭೂಮಿಯೊಳಗಿನ ಬೆಂಕಿ ಬೆಟ್ಟಾನ ಮೇಲೆತ್ತುತ್ತೆ. ಬಿಸಿಲು, ಮಳೆ, ಗಾಳಿ ಅದನ್ನ ಒಡೆಯುತ್ತೆ. ಹೊಳೆ ಆ ಪುಡೀನ ಬಯಲಿಗೆ ತಂದು ಹಾಕುತ್ತೆ. ಅದ್ರಲ್ಲೇ ಭತ್ತ ಬೆಳೆಯೋದು."

ಎಂಕ್ಟಿ ಕಿಟಕಿಯತ್ತಲೇ ಕಿವಿಕೊಟ್ಟಿದ್ದಳು. "ಅವ್ವಾ, ಮಳೇಗ್ ಯಾರ್ ಉಳಿ ಕೊಟ್ರು?"

"ಸುಮ್ಕಿರೇ," ಎಂದೆ. ನಗು ಬಂತು.

ಕೆಲಸ ಮುಗಿಯಿತು. ಗೋದಮ್ಮನವರು ನಮ್ಮನ್ನು ದೂರ ನಿಲ್ಲಿಸಿ, ಅರಿಶಿನದ ನೀರಲ್ಲಿ ಒರಳು ತೊಳೆದು, ಮುಗ್ಗಲು ಅಕ್ಕಿ ರುಬ್ಬಿದರು. ಕಲ್ಲಿನ ಹರಳೆಲ್ಲ ಆ ಮೊದಲ ಹಿಟ್ಟಿಗೆ ಬರುತ್ತದೆ. ಅದನ್ನು ಮನೆಯವರು ತಿನ್ನುವುದಿಲ್ಲ. ನನ್ನ ಮಡಕೆಗೆ ಮೇಲಿನಿಂದ ಸುರಿದರು.

"ತಗೊಂಡೋಗು. ಕಲ್ಲಿನೋರಿಗೆ ಕಲ್ಲು ಏನ್ ಮಾಡತ್ತೆ?"

ಮೇಷ್ಟ್ರು ಕಿಟಕಿಯಿಂದಲೇ ನಕ್ಕರು. "ಎಲ್ರೂ ತಿನ್ನೋದು ಬೆಟ್ಟದ ಪುಡೀನೇ ಕಣೇ. ಇವ್ರಿಗೆ ನೇರವಾಗಿ ಸಿಗುತ್ತೆ, ಅಷ್ಟೆ."

ಮಡಕೆಗೆ ಸೆರಗು ಮುಚ್ಚಿದೆ. ಎಂಕ್ಟಿ ನೋಡಿಬಿಟ್ಟಿದ್ದಳು.

ನಾಲ್ಕು ವರ್ಷದಿಂದ ಅವಳಿಗೆ ಮನೆಮನೆಯಲ್ಲೂ ಸಿಗುವ ಇಂಥ ಮೊದಲ ಹಿಟ್ಟಿನ ದೋಸೆಯನ್ನೇ ತಿನ್ನಿಸಿದ್ದೆ. ನೀರು ಬೆರೆಸಿಟ್ಟರೆ ದಪ್ಪ ಹರಳು ತಳಕ್ಕೆ ಕೂರುತ್ತದೆ, ಸಣ್ಣದು ಕೂರುವುದಿಲ್ಲ. ಹಲ್ಲಿಗೆ ಕರುಕ್ ಎಂದಾಗ ಅಗಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು. ಬಾಯಿ ತೆರೆಯುವ ಮೊದಲೇ, "ರೇಷನ್ ಅಕ್ಕಿ ಕಣವ್ವಾ, ನುಂಗ್ಬಿಡು," ಎನ್ನುತ್ತಿದ್ದೆ. ಹೋದ ತಿಂಗಳು ಅವಳ ದವಡೆಹಲ್ಲು ಚಕ್ಕೆ ಎದ್ದಿತು. ರಕ್ತ ಒರೆಸುತ್ತಾ ಆಗಲೂ ರೇಷನ್ನಿನವರನ್ನೇ ಬೈದಿದ್ದೆ.

"ನಡಿಯವ್ವಾ," ಎಂದೆ, ನೆಲ ನೋಡುತ್ತಾ.

ಅವಳು ಕದಲಲಿಲ್ಲ. ಸೆರಗು ಸರಿಸಿ ಹಿಟ್ಟಿಗೆ ಬೆರಳದ್ದಿದಳು. ಹೆಬ್ಬೆರಳಿಗೆ ತಿಕ್ಕಿ ನೋಡಿದಳು.

"ಏನೇ ಅದು ನಾಟ್ಕ?" ಗೋದಮ್ಮನವರು ಗದರಿದರು. "ಹೊತ್ಕೊಂಡ್ ಹೊರಡಿ."

ಎಂಕ್ಟಿ ಅವರತ್ತ ತಿರುಗಲಿಲ್ಲ. ನನ್ನ ಮುಂದೆ ಬಂದು, ಬಗ್ಗಿದ್ದ ನನ್ನ ಗಲ್ಲವನ್ನು ಆ ಹಿಟ್ಟಿನ ಕೈಯಿಂದಲೇ ಮೇಲೆತ್ತಿದಳು.

"ಅವ್ವಾ, ನಿಂಗೆ ಗೊತ್ತಿತ್ತಾ?"