ಬೇವೂರಿನ ಮೂರನೆಯ ಸಾಲು

ಹಳದಿ, ನೀರಿನಲ್ಲಿ ಹಳದಿ ಹರಿಯುತ್ತಿದೆ, ಬೆರಳಿನ ಪ್ಲಾಸ್ಟಿಕ್ ಉಂಗುರದ ಪುಟ್ಟ ಬಟ್ಟಲಿನಿಂದ ಗಂಡು ಗಿಡದ ಹೂವಿನ ಪರಾಗದ ಪುಡಿ ಕಳಚಿ ನಲ್ಲಿಯ ಕೆಳಗೆ ಇಳಿಯುತ್ತಿದೆ, ಮುಂಜಾನೆ ಕುಷ್ಟಗಿಯ ಟೊಮ್ಯಾಟೊ ಹೂಗಳಿಗೆ ಮುಟ್ಟಿಸಿ ಉಳಿದದ್ದು, ಬೇರೆ ತಳಿಯದು, ಇದನ್ನು ತೊಳೆಯದೆ ಬೇವೂರಿನ ಈ ಬಲೆ ಕಟ್ಟಿದ ನೆಟ್‌ಮನೆಯೊಳಗೆ ಕಾಲಿಡಬಾರದು, ಬೀಜದ ಕೆಲಸ ಕಲಿತ ಮೊದಲ ದಿನವೇ ಕಲಿತದ್ದು — ಹಾಗಾದರೆ ಹೋದ ಮಂಗಳವಾರ ಎಲ್ಲಿ ತೊಳೆದೆ? ಹೋದ ಮಂಗಳವಾರ ಕರೆಂಟಿರಲಿಲ್ಲ, ಈ ನಲ್ಲಿಯಲ್ಲಿ ನೀರಿರಲಿಲ್ಲ, ಆಮೇಲೆ ತೊಳೆದರಾಯಿತು ಅಂದುಕೊಂಡೆ, ಅಷ್ಟರಲ್ಲಿ ಒಳಗಿಂದ ಕೂಲಿಯ ಮಾರೆಮ್ಮ, ಕಂಪ್ನಿ ಜೀಪ್ ಹೋಗಿ ಸ್ಕೂಟಿ ಬಂತಲ್ರಿ ಮೇಡಂ, ಮುಂದಿನ ವಾರ ನಡಕೋತ ಬರ್ತೀರೇನು, ಕೂಲಿಯವರೆಲ್ಲ ನಕ್ಕರು, ನಾನೂ ನಕ್ಕೆ, ಕಂಪನಿಯಿಲ್ಲದೆಯೂ ನನ್ನ ಕೈ ಎಷ್ಟು ಚುರುಕು ನೋಡಲಿ ಎಂದು ಸೀದಾ ಹೋಗಿ ಸಾಲಿನಲ್ಲಿ ಕುಳಿತೆ, ಹೂವಿನ ತುದಿಯನ್ನು ಉಂಗುರಕ್ಕೆ ಅದ್ದಿದೆ, ಪುಡಿ ಮುಟ್ಟಿಸಿದ ಗುರುತಿಗೆ ಹೂವಿನ ಬುಡದ ಎರಡು ಹಸಿರು ಎಸಳು ಕತ್ತರಿಸಿದೆ, ಅದ್ದಿದೆ, ಕತ್ತರಿಸಿದೆ, ಐವತ್ತು ಹೂ, ಅರವತ್ತು — ತೊಳೆದಿಲ್ಲ. ಬೀಜದ ಕಂಪನಿಯಲ್ಲಿದ್ದ ಆರು ವರ್ಷ ಪ್ರತಿ ಊರಿನಲ್ಲೂ ಡ್ರೈವರ್ ಇಲಿಯಾಸ ಅಂಗೈ ಚಾಚಿ ನಿಲ್ಲುತ್ತಿದ್ದ, ಉಂಗುರ ಕೊಡ್ರಿ ಮೇಡಂ, ತೊಳೀತೀನಿ, ಕೊಡೋತನ ಗಾಡಿ ಚಾಲು ಮಾಡಂಗಿಲ್ಲ, ಎಷ್ಟು ಸಿಟ್ಟು ಬರುತ್ತಿತ್ತು, ನನಗೇನು ಗೊತ್ತಿಲ್ಲವೇ ಎಂದು, ಈಗ ಯಾರೂ ಅಂಗೈ ಚಾಚುವುದಿಲ್ಲ. ಮೂರು ತಿಂಗಳ ಹಿಂದೆ ಕೆಲಸ ಬಿಟ್ಟು ಕಂಪನಿಯ ಕಾರ್ಡನ್ನು ಮೇಜಿನ ಮೇಲಿಟ್ಟಾಗ ಮ್ಯಾನೇಜರ್ ಪ್ರಭುರಾಜ ಸರ್ ತಲೆಯೆತ್ತದೆ, ಭಾಳ ಛಲೋ ಸಹನಾ, ತಿರುಗಾಡ್ರಿ, ಆದ್ರ ತಪ್ಪಾದಾಗ ಯಾರ ಹೆಸರು ಹೇಳ್ತೀರಿ? ನನ್ನ ತಲೆಯಲ್ಲಿ ಆಗಲೇ ಸಾಣಾಪುರದ ಕೆರೆ, ಬುಧವಾರ ಬಂಡೆಯ ಮೇಲೆ ಕಾಲು ಚಾಚಿ ಕುಳಿತವಳು ನಾನೇ, ಸೋಮವಾರ ಗಂಗಾವತಿ, ಮಂಗಳವಾರ ಕುಷ್ಟಗಿ, ಬೇವೂರು, ಕರೆದವರ ಹೊಲಕ್ಕೆ ಹೋಗುವವಳು, ಯಾರಿಗೂ ರಜೆ ಕೇಳದವಳು. ಮೊದಲು ಕರೆದವರು ಈ ಹೊಲದ ಒಡತಿ ಕನಕಮ್ಮ. ಕಂಪ್ನಿ ಬ್ಯಾಡ, ಆ ಹುಡುಗೀನ ಬರ್ಲಿ ಅಂದವರು. ಆ ಅರವತ್ತು ಕಾಯಿಯ ಬೀಜ ಅವರ ಚೀಲಕ್ಕೆ ಬಿದ್ದರೆ ತಳಿ ಶುದ್ಧತೆಯ ಪರೀಕ್ಷೆಯಲ್ಲಿ ಇಡೀ ಬೆಳೆ ತಿರಸ್ಕಾರ, ಹೇಳಿದರೆ ಸಂಜೆಯೊಳಗೆ ಕುಷ್ಟಗಿಗೂ ಗಂಗಾವತಿಗೂ ಫೋನು, ನನ್ನನ್ನು ಇನ್ನು ಯಾವ ಹೊಲವೂ ಕರೆಯುವುದಿಲ್ಲ, ಹೇಳದಿದ್ದರೆ ಯಾರ ಕೈ ಎಂದು ಯಾರಿಗೂ ತಿಳಿಯುವುದಿಲ್ಲ, ಕಾಯಿ ಮಾತಾಡುವುದಿಲ್ಲ, ಒಳಗೆ ಬರ್ರಿ ಮೇಡಂ, ಬಿಸಲಾಗ ಯಾಕ ನಿಂತೀರಿ, ಕನಕಮ್ಮ ಬಲೆ ಎತ್ತಿ ಹಿಡಿದಿದ್ದಾರೆ, ಒಳಗಿನ ಬಿಸಿ ಮುಖಕ್ಕೆ, ಟೊಮ್ಯಾಟೊ ಎಲೆಯ ಘಾಟು, ನನ್ನ ಬಾಯಿ ನನ್ನನ್ನು ಕೇಳದೆ ತೆರೆದಿದೆ, ಕನಕಮ್ಮಾರ, ನಾ ತಪ್ಪು ಮಾಡೀನ್ರಿ, ಹೋದ ವಾರ ಬ್ಯಾರೆ ಹೊಲದ ಪುಡಿ ಹಚ್ಚೀನಿ. ಬೈಯುತ್ತಾರೆ, ಈಗ ಬೈಯುತ್ತಾರೆ — ಬೈಯಲಿಲ್ಲ. ಯಾವ ಸಾಲ್ರಿ? ಮೂರನೇದು. ಈ ಬಾಗ್ಲದಿಂದ ಮೂರನೇದೋ, ಆ ಬಾಗ್ಲದಿಂದೋ? ಎರಡು ಬಾಗಿಲು. ಯಾವುದರಿಂದ ಬಂದೆ, ಬಿಸಿಲು ಬೆನ್ನಿಗಿತ್ತೇ, ಮುಖಕ್ಕಿತ್ತೇ, ಮಾರೆಮ್ಮಕ್ಕ, ನಾ ಎಲ್ಲಿ ಕುಂತಿದ್ದೆ? ಮಾರೆಮ್ಮ ಈಗ ನಗುತ್ತಿಲ್ಲ, ನಾವು ನಿಮ್ಮ ಕೈ ನೋಡಿದ್ವಿರಿ, ಸಾಲು ನೋಡ್ಲಿಲ್ಲ. ಆಮೇಲೆ ಕೂಲಿಯವರೂ ಎಲ್ಲ ಸಾಲುಗಳಲ್ಲಿ ಅದೇ ಕೆಲಸ ಮಾಡಿದ್ದಾರೆ, ನಾನು ಕಲಿಸಿದಂತೆಯೇ, ಎಲ್ಲ ಕಾಯಿಗೂ ಎರಡೆಸಳು ಕಡಿಮೆ, ಎಲ್ಲವೂ ಕಡಲೆಕಾಳಿನಷ್ಟು, ಎಲ್ಲವೂ ಹಸಿರು. ಕನಕಮ್ಮ ಬಗ್ಗಿದ್ದಾರೆ, ಹೆಬ್ಬೆರಳಿನ ಉಗುರು ಒಂದು ಕಾಯಿಯ ತೊಟ್ಟಿನ ಮೇಲೆ, ನೀವು ಹಚ್ಚಿದ್ದು ಇದೇನ್ರಿ ಮೇಡಂ, ಕೀಳ್ಲೇನು? ಗೊತ್ತಿಲ್ಲ. ಉಗುರು ಪಕ್ಕದ ತೊಟ್ಟಿಗೆ, ಇದು? ಎಲೆಕರೆ ಹತ್ತಿ ಕಪ್ಪಾದ ಉಗುರು, ಮುಂದಿನ ತೊಟ್ಟು, ಒತ್ತುತ್ತಿಲ್ಲ, ಬಿಡುತ್ತಲೂ ಇಲ್ಲ, ಇದು? ಉಗುರು, ತೊಟ್ಟು, ಉಗುರು